ನಾಲ್ಕು ಸೂರ್ಯರನ್ನು ಮಾಡಿ ನೋಡಿದೆ: ಫಿಲ್ಟರ್, ಫೋಟೋ, ಬ್ಲೆಂಡರ್, ಬ್ರಷ್

ಕಂಪ್ಯೂಟರಿನಲ್ಲಿ ಬಾಹ್ಯಾಕಾಶದ ಚಿತ್ರ ಮಾಡುವಾಗ ನೆಬ್ಯುಲಾ, ಅಂದರೆ ಧೂಳು-ಅನಿಲದ ಮೋಡ, ಬರೆಯುವುದು ಸುಲಭ. ಅದು ಹೇಗೆ ಬಂದರೂ ನೆಬ್ಯುಲಾನೇ, ಯಾರೂ ತಪ್ಪು ಹಿಡಿಯುವುದಿಲ್ಲ. ಗ್ರಹವೂ ಪರವಾಗಿಲ್ಲ. ಸತಾಯಿಸುವುದು ಸೂರ್ಯ. ದಿನವೂ ಅದರ ಬೆಳಕಿನಲ್ಲೇ ಓಡಾಡುತ್ತೇವೆ, ಆದರೆ ಅದನ್ನು ಯಾರೂ ಕಣ್ಣಿಟ್ಟು ನೋಡಿಲ್ಲ, ನೋಡಲೂಬಾರದು. ಹಾಗಾಗಿ ಚಿತ್ರದ ಸೂರ್ಯ ಕೆಟ್ಟಿದ್ದರೆ ಎಲ್ಲಿ ಕೆಟ್ಟಿದೆ ಎಂದು ಬೊಟ್ಟು ಮಾಡಿ ತೋರಿಸಲು ಆಗುವುದಿಲ್ಲ. ಸುಮ್ನೆ "ಏನೋ ಸರಿಯಿಲ್ಲ" ಅನ್ನಿಸುತ್ತದೆ.

ಆ "ಏನೋ" ಯಾವುದು ಎಂದು ಪತ್ತೆ ಮಾಡಲು ಒಂದೇ ಸೂರ್ಯನನ್ನು ನಾಲ್ಕು ದಾರಿಯಲ್ಲಿ ಮಾಡಿ ಅಕ್ಕಪಕ್ಕ ಇಟ್ಟೆ. ಫೋಟೋಶಾಪ್‌ನ ಫಿಲ್ಟರ್‌ಗಳು, ನಾಸಾದ ಅಸಲಿ ಫೋಟೋ, ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್, ಕೊನೆಗೆ ಚಿತ್ರ ಬರೆಯುವ ಸಾಫ್ಟ್‌ವೇರ್ ಕ್ರಿಟಾದಲ್ಲಿ ಕೈಯಿಂದಲೇ. ಕ್ಯಾನ್ವಾಸ್ ನಾಲ್ಕಕ್ಕೂ ಒಂದೇ, 4000 ಪಿಕ್ಸೆಲ್ ಅಗಲ. ದೃಶ್ಯ ಎರಡು. ಮೊದಲನೆಯದು ಹತ್ತಿರದ ನೋಟ, ಅದರಲ್ಲಿ ಸೂರ್ಯನೇ 2000 ಪಿಕ್ಸೆಲ್ ಅಗಲ. ಎರಡನೆಯದರಲ್ಲಿ ಅದು ಒಂದು ಗ್ರಹದ ಬೆನ್ನ ಹಿಂದಿನಿಂದ ಇಣುಕುತ್ತದೆ.

ಫಿಲ್ಟರ್ ದಾರಿ ನಿಮಗೂ ಗೊತ್ತಿರುತ್ತದೆ, ಕಲಿಯುವಾಗ ಹೆಚ್ಚಿನವರು ಹಿಡಿಯುವುದು ಇದನ್ನೇ. ಮೋಡದಂಥ ಚಿತ್ತಾರ ಕೊಡುವ ಕ್ಲೌಡ್ಸ್ ಹಾಕಿ, ಅದರ ಮೇಲೆ ಡಿಫರೆನ್ಸ್ ಕ್ಲೌಡ್ಸ್ ಐದಾರು ಸಲ ಒತ್ತಿ, ಲೆವೆಲ್ಸ್‌ನಲ್ಲಿ ಕಪ್ಪು ಬಿಳುಪು ಬಿಗಿ ಮಾಡಿ, ದುಂಡಗೆ ಸೆಲೆಕ್ಟ್ ಮಾಡಿ, ಗೋಳದ ಹಾಗೆ ಉಬ್ಬಿಸುವ ಸ್ಫೆರೈಸ್ ಕೊಡುವುದು. ಆಮೇಲೆ ಗ್ರೇಡಿಯೆಂಟ್ ಮ್ಯಾಪ್‌ನಲ್ಲಿ ಕಪ್ಪಿನಿಂದ ಕೆಂಪು, ಕಿತ್ತಳೆ, ಹಳದಿ, ಬಿಳಿ. ಸುತ್ತ ಔಟರ್ ಗ್ಲೋ, ಅಂದರೆ ಹೊರಗಿನ ಪ್ರಭೆ. ಹದಿನೈದು ನಿಮಿಷಕ್ಕೆ ಬೆಂಕಿ ಉಂಡೆ ತಯಾರು. ಮೊದಲ ಸಲ ಮಾಡಿದಾಗ ನನಗೆ ಎಷ್ಟು ಖುಷಿಯಾಗಿತ್ತು ಎಂದರೆ, ವರ್ಷಗಟ್ಟಲೆ ಅದನ್ನೇ ವಾಲ್‌ಪೇಪರ್ ಮಾಡಿಕೊಂಡಿದ್ದೆ.

ಈಗ ನೋಡಿದರೆ ಅದು ಸೂರ್ಯನಲ್ಲ, ಬಿರುಕು ಬಿಟ್ಟ ಲಾವಾ ಗೋಳ. ಎಡವಟ್ಟಾಗಿರುವುದು ಅಳತೆಯಲ್ಲಿ. ಸೂರ್ಯನ ಅಡ್ಡಳತೆ ಸುಮಾರು 13.9 ಲಕ್ಷ ಕಿಲೋಮೀಟರ್. 2000 ಪಿಕ್ಸೆಲ್ ಸೂರ್ಯನಲ್ಲಿ ಒಂದು ಪಿಕ್ಸೆಲ್ ಎಂದರೆ ಸುಮಾರು 700 ಕಿಲೋಮೀಟರ್ ಆಯಿತು. ನಮ್ಮ ಭೂಮಿಯನ್ನು ಪಕ್ಕದಲ್ಲಿಟ್ಟರೆ 18 ಪಿಕ್ಸೆಲ್‌ನ ಚುಕ್ಕೆ. ನನ್ನ ಚಿತ್ರದ ಬಿರುಕುಗಳನ್ನು ಅಳೆದೆ: ದಪ್ಪನೆಯವು 60 ಪಿಕ್ಸೆಲ್, ಅಂದರೆ ಮೂರು ಭೂಮಿ ಸಾಲಾಗಿ ಒಳಗೆ ಬೀಳುವಷ್ಟು. ಸಾಲದ್ದಕ್ಕೆ ಸ್ಫೆರೈಸ್ ನಡುಭಾಗವನ್ನು ಇನ್ನೂ ಉಬ್ಬಿಸುತ್ತದೆ. ನೋಡುವವರು ಈ ಲೆಕ್ಕ ಹಾಕುವುದಿಲ್ಲ ನಿಜ. ಆದರೆ ಮೇಲ್ಮೈಯ ಗೆರೆ ದಪ್ಪವಾದಷ್ಟೂ ವಸ್ತು ಚಿಕ್ಕದು ಎಂದು ಕಣ್ಣು ತಾನಾಗಿಯೇ ತೀರ್ಮಾನಿಸಿಬಿಡುತ್ತದೆ. ಸೂರ್ಯ ಅಂಗೈಯಲ್ಲಿ ಹಿಡಿಯುವ ಗೋಲಿಯಾಗುವುದು ಹೀಗೆ.

ಎರಡನೆಯ ದಾರಿಯಲ್ಲಿ ತಪ್ಪಾಗಲು ಜಾಗವೇ ಇಲ್ಲ ಅಂದುಕೊಂಡಿದ್ದೆ. ಅಸಲಿ ಸೂರ್ಯನ ಫೋಟೋವನ್ನೇ ತಂದು ಹಾಕಿದರೆ ಮುಗಿಯಿತು, ಅಲ್ವಾ? ನಾಸಾದ ಸೋಲಾರ್ ಡೈನಮಿಕ್ಸ್ ಅಬ್ಸರ್ವೇಟರಿ 2010ರ ಫೆಬ್ರವರಿ 11ರಂದು ಹಾರಿತು. ಅದು ತೆಗೆಯುವ ಚಿತ್ರಗಳು 4096ಕ್ಕೆ 4096 ಪಿಕ್ಸೆಲ್, ಪುಕ್ಕಟೆ ಸಿಗುತ್ತವೆ, ಯಾರ ಕೃಪೆ ಎಂದು ಹೆಸರು ಹಾಕಿದರೆ ಸಾಕು. ಅದರಲ್ಲಿ 304 ಆಂಗ್‌ಸ್ಟ್ರಮ್‌ನ (ಬೆಳಕಿನ ತರಂಗಾಂತರ ಅಳೆಯುವ ಮಾನ) ಕೆಂಪು ಚಿತ್ರ ಆರಿಸಿಕೊಂಡೆ. ಮೈಮೇಲೆ ಸುಳಿಗಳು, ಅಂಚಿನಲ್ಲಿ ಎದ್ದ ಜ್ವಾಲೆಗಳು, ಎಲ್ಲಾ ಇದೆ. ಎರಡೂ ದೃಶ್ಯಕ್ಕೆ ಅದನ್ನೇ ಕೂರಿಸಿ ತಂಗಿಗೆ ತೋರಿಸಿದೆ. ಅವಳು ಚಿತ್ರ ಬರೆಯುವವಳಲ್ಲ. ಎರಡನೆಯ ದೃಶ್ಯವನ್ನು ಒಂದು ನಿಮಿಷ ನೋಡಿ ಕೇಳಿದಳು: "ಅಣ್ಣಾ, ಸೂರ್ಯ ಇಷ್ಟು ಕೆಂಪಗಿದ್ದರೆ ಗ್ರಹದ ಮೇಲಿನ ಹಿಮ ಯಾಕೆ ಬೆಳ್ಳಗಿದೆ?"

ಉತ್ತರ ಇರಲಿಲ್ಲ. ಆಮೇಲೆ ಕೂತು ಓದಿದ ಮೇಲೆ ಗೊತ್ತಾಗಿದ್ದು, ಆ ಕೆಂಪು ಬಣ್ಣ ಸೂರ್ಯನದ್ದೇ ಅಲ್ಲ. 304 ಆಂಗ್‌ಸ್ಟ್ರಮ್ ಎಂದರೆ ಕಣ್ಣಿಗೆ ಕಾಣದ ಅತಿನೇರಳೆ ಬೆಳಕು. ಯಾವ ಚಿತ್ರ ಯಾವುದು ಎಂದು ಗುರುತು ಸಿಗಲಿ ಎಂದು ಒಂದೊಂದು ತರಂಗಾಂತರಕ್ಕೆ ಒಂದೊಂದು ಬಣ್ಣ ಹಚ್ಚುತ್ತಾರೆ. 171ಕ್ಕೆ ಚಿನ್ನದ ಬಣ್ಣ, 304ಕ್ಕೆ ಕೆಂಪು. ಬಾಹ್ಯಾಕಾಶದಲ್ಲಿ ನಿಂತು ನೋಡುವವರಿಗೆ ಸೂರ್ಯ ಬಿಳಿ. ಹಳದಿ, ಕಿತ್ತಳೆ ಎಲ್ಲ ನಮ್ಮ ಗಾಳಿಯ ಕೈವಾಡ.

ಬಣ್ಣಕ್ಕಿಂತ ದೊಡ್ಡ ವ್ಯತ್ಯಾಸ ಅಂಚಿನಲ್ಲಿದೆ. ಈ ಅತಿನೇರಳೆ ಚಿತ್ರಗಳಲ್ಲಿ ಅಂಚು ಬೆಳಗುತ್ತದೆ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಅಂಚು ಮಂಕಾಗುತ್ತದೆ. ಎರಡೂ ನಿಜ, ಆದರೆ ಎರಡು ಬೇರೆ ಬೇರೆ ಸೂರ್ಯ. ನಾವು ಚಿತ್ರ ಬರೆಯುವವರು ಒಂದರ ಸೂರ್ಯಕಲೆಗಳನ್ನೂ (ಮೇಲ್ಮೈಯ ಕಪ್ಪು ಮಚ್ಚೆಗಳು) ಇನ್ನೊಂದರ ಜ್ವಾಲೆಗಳನ್ನೂ ಒಟ್ಟಿಗೆ ಅಂಟಿಸಿ, ಮೇಲೆ ಒಂದು ಗ್ಲೋ ಹಾಕಿಬಿಡುತ್ತೇವೆ. ನನಗೆ ಅನ್ನಿಸಿದ ಆ "ಏನೋ" ಅರ್ಧದಷ್ಟು ಇದೇ. ನಾಸಾ ಫೋಟೋ ಈಗಲೂ ಪಕ್ಕದ ಕಿಟಕಿಯಲ್ಲಿ ತೆರೆದೇ ಇರುತ್ತದೆ, ನೋಡಿಕೊಳ್ಳಲು. ಚಿತ್ರದೊಳಗೆ ಮಾತ್ರ ಬರುವುದಿಲ್ಲ.

ಇನ್ನು ಬ್ಲೆಂಡರ್. ನಾಲ್ಕರಲ್ಲಿ ಜಾಸ್ತಿ ಸಮಯ ತಿಂದದ್ದು ಇದು, ಜಾಸ್ತಿ ಕಲಿಸಿದ್ದೂ ಇದೇ. ಒಂದು ಯುವಿ ಸ್ಫಿಯರ್, ಅಂದರೆ ಗೋಳ, ಅದು ತಾನೇ ಬೆಳಗಲು ಎಮಿಷನ್ ಶೇಡರ್. ಬಣ್ಣಕ್ಕೆ ಕೈ ಹಾಕಲಿಲ್ಲ, ತಾಪ ಹೇಳಿದರೆ ಬಣ್ಣ ಕೊಡುವ ಬ್ಲ್ಯಾಕ್‌ಬಾಡಿ ನೋಡ್‌ಗೆ 5772 ಎಂದು ಬರೆದೆ. ಅದು ಕೆಲ್ವಿನ್ ಲೆಕ್ಕದಲ್ಲಿ ಸೂರ್ಯನ ಮೇಲ್ಮೈಯ ತಾಪ. ಬಂದದ್ದು ಬಿಳಿ, ಸ್ವಲ್ಪವೇ ಬೆಚ್ಚಗಿನ ಬಿಳಿ. ಕಲೆಗಳಿಗೆ ಅದೇ ಸಂಖ್ಯೆಯನ್ನು 4000ದ ಹತ್ತಿರ ಇಳಿಸಿದೆ, ಬೆಳಕನ್ನೂ ಇಳಿಸಿದೆ. ಅವು ಕಪ್ಪಾಗಿ ಕಾಣುವುದು ಪಕ್ಕದ ಬೆಳಕಿನ ಎದುರು ಮಾತ್ರ, ಹಾಗಾಗಿ ಕಪ್ಪು ಬಣ್ಣ ಬಳಿಯಬೇಡಿ. ಜಾಗವೂ ಮುಖ್ಯ: ಧ್ರುವದ ಹತ್ತಿರ ಕಲೆ ಇರುವುದಿಲ್ಲ, ಸಮಭಾಜಕದ ಎರಡೂ ಕಡೆ ಸುಮಾರು 35 ಡಿಗ್ರಿಯೊಳಗೇ ಎಲ್ಲ.

ಮೇಲ್ಮೈಯಲ್ಲಿ ಕುದಿಯುವ ಕಾಳುಗಳಿಗೆ, ಅದೇ ಗ್ರಾನ್ಯೂಲ್‌ಗಳಿಗೆ, ಕೋಶಕೋಶವಾಗಿ ಕಾಣುವ ವೊರೊನಾಯ್ ಟೆಕ್ಸ್‌ಚರ್ ಹಾಕಿದೆ. ಅದರ ಸ್ಕೇಲ್ ಏರಿಸಿದಷ್ಟೂ ಕಾಳು ಚಿಕ್ಕದು. ಮೊದಲು 40 ಇಟ್ಟೆ, ಚೆಂದ ಕಂಡಿತು. ಆಮೇಲೆ ಲೆಕ್ಕ ಹಾಕುವ ಹುಚ್ಚು ಹತ್ತಿತು. ಒಂದು ಗ್ರಾನ್ಯೂಲ್ ಸುಮಾರು 1000 ಕಿಲೋಮೀಟರ್, ಅಂದರೆ ಸೂರ್ಯನ ಅಡ್ಡಕ್ಕೆ ಸುಮಾರು 1400 ಗ್ರಾನ್ಯೂಲ್ ಹಿಡಿಸಬೇಕು. ಬ್ಲೆಂಡರ್‌ನ ಗೋಳ ಎರಡು ಯೂನಿಟ್ ಅಗಲ, ಹಾಗಾದರೆ ಸ್ಕೇಲ್ 700. ಬರೆದು ರೆಂಡರ್ ಒತ್ತಿದೆ. ಮೇಲ್ಮೈ ಮಾಯ! ಒಂದು ಕಾಳಿಗೆ ಒಂದೂವರೆ ಪಿಕ್ಸೆಲ್ ಕೂಡ ಸಿಗದೆ, ಎಲ್ಲ ಸೇರಿ ನುಣ್ಣನೆಯ ಮರಳಿನ ಹಾಗೆ ಆಯಿತು. ಆಮೇಲೆ ನೋಡಿದರೆ, ಮಾಮೂಲಿ ಬೆಳಕಿನ ಸೂರ್ಯನ ಫೋಟೋ ಇರುವುದೂ ಹಾಗೆಯೇ. ಬಿಳಿ ತಟ್ಟೆ, ನಾಲ್ಕು ಕಲೆ. ಸರಿಯಾದಷ್ಟೂ ಸಪ್ಪೆಯಾಗುವ ವಿಷಯ ಇದು. ಕೊನೆಗೆ 150ಕ್ಕೆ ರಾಜಿ ಮಾಡಿಕೊಂಡೆ. ಚಿತ್ರ ಅಂದಮೇಲೆ ಅಷ್ಟು ಸುಳ್ಳು ಇರಲಿ.

ಅಂಚಿನ ವಿಷಯದಲ್ಲಿ ಮಾತ್ರ ಸುಳ್ಳು ಹೇಳಲಿಲ್ಲ. ಸೂರ್ಯನ ನಡುವಿನಲ್ಲಿ ನಾವು ಆಳದ, ಜಾಸ್ತಿ ಬಿಸಿಯಾದ ಪದರದವರೆಗೂ ನೋಡುತ್ತೇವೆ. ಅಂಚಿನಲ್ಲಿ ನೋಟ ಓರೆಯಾಗಿ ಹೋಗುವುದರಿಂದ ಮೇಲಿನ ತಣ್ಣಗಿನ ಪದರದಲ್ಲೇ ನಿಂತುಬಿಡುತ್ತದೆ. ಅದಕ್ಕೇ ಅಂಚು ಮಂಕು. ನಡುವಿನ ಹೊಳಪು 100 ಎಂದರೆ, ಅಂಚಿಗೆ ಅರ್ಧ ದಾರಿಯಲ್ಲಿ ಸುಮಾರು 92, ಹತ್ತರಲ್ಲಿ ಎಂಟು ಪಾಲು ಹೋದಾಗ 76, ಒಂಬತ್ತು ಪಾಲಿಗೆ 66, ತುದಿಯಲ್ಲಿ 40. ಬಹಳ ದೂರ ಏನೂ ಆಗುವುದಿಲ್ಲ, ಕೊನೆಯಲ್ಲಿ ಧಡಕ್ಕನೆ ಬೀಳುತ್ತದೆ. ಬ್ಲೆಂಡರ್‌ನಲ್ಲಿ ಇದಕ್ಕೆ ಎರಡೇ ನೋಡ್ ಸಾಕು: ಲೇಯರ್ ವೇಟ್‌ನ ಫೇಸಿಂಗ್ (ಮೇಲ್ಮೈ ನಮ್ಮ ನೋಟಕ್ಕೆ ಎಷ್ಟು ಓರೆಯಾಗಿದೆ ಎಂಬ ಅಳತೆ) ತೆಗೆದುಕೊಂಡು, ಬ್ಲೆಂಡ್ 0.5ರಲ್ಲೇ ಬಿಟ್ಟು, ಮ್ಯಾಥ್ ನೋಡ್‌ನ ಮಲ್ಟಿಪ್ಲೈ ಆ್ಯಡ್‌ನಲ್ಲಿ ಅದನ್ನು ಮೈನಸ್ 0.6ರಿಂದ ಗುಣಿಸಿ 1 ಕೂಡಿಸಿ. ಅದನ್ನು ಎಮಿಷನ್ ಸ್ಟ್ರೆಂತ್‌ಗೆ ಜೋಡಿಸಿದ ಕ್ಷಣ ಚಪ್ಪಟೆ ತಟ್ಟೆ ಗೋಳವಾಯಿತು. ನಾಲ್ಕು ಪ್ರಯೋಗದಲ್ಲಿ "ಹಾಂ, ಇದು!" ಎಂದು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ.

ಹಳೆಯ ಪಾಠ ಇಟ್ಟುಕೊಂಡು ಮಾಡುವವರಿಗೆ ಒಂದು ಮಾತು. ಬ್ಲೆಂಡರ್‌ನ ವೇಗದ ರೆಂಡರ್ ಎಂಜಿನ್ ಈವೀಯಲ್ಲಿದ್ದ, ಪ್ರಭೆ ಹಾಕುವ ಬ್ಲೂಮ್ ಬಟನ್ 4.2ರಿಂದ ಇಲ್ಲ. ಅದರ ಬದಲು ಕಾಂಪೋಸಿಟರ್‌ನಲ್ಲಿ ಗ್ಲೇರ್ ನೋಡ್ ಹಾಕಬೇಕು. ಇದು ಗೊತ್ತಿಲ್ಲದೆ ಒಂದು ಸಂಜೆ ಪೂರ್ತಿ ಮೆನುಗಳಲ್ಲಿ ತಡಕಾಡಿದ್ದೇನೆ.

ನಾಲ್ಕನೆಯದು ಬ್ರಷ್. ಬ್ಲೆಂಡರ್‌ನ ಪಾಠ ತಲೆಯಲ್ಲಿ ಇಟ್ಟುಕೊಂಡೇ ಕ್ರಿಟಾ ತೆರೆದೆ. ಅಂಚು 40 ಅಲ್ವಾ, 255ರಲ್ಲಿ ನೂರಕ್ಕೆ 40 ಎಂದರೆ 102, ಆ ಬೂದು ಬಣ್ಣ ತೆಗೆದುಕೊಂಡು ಕೆಳಗಿನದನ್ನು ಮಂಕಾಗಿಸುವ ಮಲ್ಟಿಪ್ಲೈ ಪದರದಲ್ಲಿ ಅಂಚಿಗೆ ಹಚ್ಚಿದೆ. ಬಂದದ್ದು ಸುಣ್ಣ ಬಳಿದ ಮಣ್ಣಿನ ಉಂಡೆ. ಲೆಕ್ಕ ಸರಿಯಿತ್ತು, ಆದರೆ ಪರದೆಯ ಸಂಖ್ಯೆಗಳು ಬೆಳಕಿನ ಅಳತೆಗೆ ನೇರವಾಗಿ ಹೊಂದುವುದಿಲ್ಲ. ನಿಜವಾದ ಬೆಳಕಿನ ನೂರಕ್ಕೆ 40 ಎಂದರೆ ಎಸ್‌ಆರ್‌ಜಿಬಿಯಲ್ಲಿ, ಅಂದರೆ ಪರದೆಯ ಬಣ್ಣದ ಲೆಕ್ಕದಲ್ಲಿ, ಸುಮಾರು 170. ಬ್ಲೆಂಡರ್ ಒಳಗೊಳಗೇ ಇದನ್ನು ನೋಡಿಕೊಳ್ಳುತ್ತದೆ, ಕೈಯಲ್ಲಿ ಬರೆಯುವಾಗ ನಾವೇ ನೋಡಿಕೊಳ್ಳಬೇಕು. 170 ಹಾಕಿದೆ, ಉಂಡೆ ಮತ್ತೆ ಸೂರ್ಯನಾಯಿತು.

ಮೇಲ್ಮೈ ವಿಷಯದಲ್ಲಿ ಬ್ರಷ್ ಸೋತಿತು. ಸಾವಿರಾರು ಕಾಳುಗಳನ್ನು ಕೈಯಲ್ಲಿ ಬರೆಯುವಷ್ಟು ಪುರುಸೊತ್ತು ನನಗಿಲ್ಲ. ಆದರೆ ಅಂಚಿನ ಜ್ವಾಲೆಗಳು ಬ್ರಷ್‌ನಲ್ಲಿ ಬಂದ ಹಾಗೆ ಬ್ಲೆಂಡರ್‌ನಲ್ಲಿ ಬರಲಿಲ್ಲ. ಬ್ಲೆಂಡರ್‌ನವು ಹೊಗೆಯ ಹಾಗೆ ತೇಲುತ್ತಿದ್ದವು. ಕೈಯಲ್ಲಾದರೆ ಕಾಂತದ ಗೆರೆಗಳ ಹಾಗೆ ಬಾಗಿಸಿ, ಎರಡೂ ಕಾಲು ನೆಲಕ್ಕೆ ಊರುವಂತೆ ಎಳೆಯಬಹುದು. ಎತ್ತರ ಮಾತ್ರ 100 ಪಿಕ್ಸೆಲ್ ದಾಟಿಸಬೇಡಿ, ಅದೇ ಐದು ಭೂಮಿಗಿಂತ ಜಾಸ್ತಿ ಆಯಿತು. ನನ್ನ ಮೊದಲ ಜ್ವಾಲೆ 400 ಪಿಕ್ಸೆಲ್ ಇತ್ತು, ಸೂರ್ಯನಿಗೆ ಕೊಂಬು ಬಂದ ಹಾಗೆ.

ಹತ್ತಿರದ ನೋಟದಲ್ಲಿ ನನ್ನ ಕ್ರಮಾಂಕ ಸ್ಪಷ್ಟ: ಬ್ಲೆಂಡರ್ ಮೊದಲು, ಬ್ರಷ್ ಎರಡನೆಯದು. ಫೋಟೋ ಮೂರನೆಯದು. ಫಿಲ್ಟರ್ ಸ್ಪರ್ಧೆಯಲ್ಲೇ ಇಲ್ಲ.

ಎರಡನೆಯ ದೃಶ್ಯಕ್ಕೆ ಬಂದಾಗ ಈ ಕ್ರಮಾಂಕವೆಲ್ಲ ತಲೆಕೆಳಗಾಯಿತು. ಭೂಮಿಯ ದೂರದಿಂದ ಸೂರ್ಯ ಕಾಣುವುದು ಅರ್ಧ ಡಿಗ್ರಿಯಷ್ಟು. 50 ಮಿಲಿಮೀಟರ್ ಲೆನ್ಸ್ ಹಾಕಿದ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ತೆಗೆದರೆ, 4000 ಪಿಕ್ಸೆಲ್ ಚಿತ್ರದಲ್ಲಿ ಅದು ಸುಮಾರು 50 ಪಿಕ್ಸೆಲ್. ಗುರುಗ್ರಹದ ದೂರಕ್ಕೆ ಹೋದರೆ ಬರೀ 10. ಅಷ್ಟರಲ್ಲಿ ಯಾವ ಗ್ರಾನ್ಯೂಲ್, ಯಾವ ಕಲೆ? ಇರುವುದು ಒಂದು ಬಿಳಿ ಚುಕ್ಕೆ ಮತ್ತು ಅದರ ಸುತ್ತಲಿನ ಪ್ರಭೆ.

ಈ ಪ್ರಭೆಯಲ್ಲೇ ಫಿಲ್ಟರ್ ದಾರಿ ಮತ್ತೆ ಸಿಕ್ಕಿಬಿದ್ದದ್ದು. ಔಟರ್ ಗ್ಲೋ ಸೂರ್ಯನ ಪದರಕ್ಕೆ ಅಂಟಿರುತ್ತದೆ. ಮುಂದೆ ಗ್ರಹದ ಪದರ ಬಂದಾಗ ಗ್ರಹದ ಅಂಚು ಪ್ರಭೆಯನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕತ್ತರಿಸುತ್ತದೆ. ನೋಡಿದರೆ ಸ್ಟಿಕರ್. ಬಾಹ್ಯಾಕಾಶದಲ್ಲಿ ಗಾಳಿಯಿಲ್ಲ, ಅಲ್ಲಿ ಹೊಳೆಯಲು ಏನೂ ಇಲ್ಲ. ಸೂರ್ಯನ ಸುತ್ತ ಕರೋನಾ ಇದೆಯಲ್ಲ ಎನ್ನಬಹುದು, ಆದರೆ ಅದು ಸೂರ್ಯನ ತಟ್ಟೆಗಿಂತ ಸುಮಾರು ಹತ್ತು ಲಕ್ಷ ಪಟ್ಟು ಮಂಕು, ಖಗ್ರಾಸ ಗ್ರಹಣದಲ್ಲಿ ತಟ್ಟೆ ಪೂರ್ತಿ ಮುಚ್ಚಿದಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ನಾವು ಪ್ರಭೆ ಎನ್ನುವುದು ಕ್ಯಾಮೆರಾ ಲೆನ್ಸ್‌ನೊಳಗೆ, ನಮ್ಮ ಕಣ್ಣಿನೊಳಗೆ ಚದುರಿದ ಬೆಳಕು. ಅಂದಮೇಲೆ ಅದು ಗ್ರಹದ ಕಪ್ಪು ಬದಿಯ ಮೇಲೂ ಹರಿಯಬೇಕು. ಪದರಗಳಲ್ಲಿ ಅದರ ಜಾಗ ಎಲ್ಲಕ್ಕಿಂತ ಮೇಲೆ.

ಕ್ರಿಟಾದಲ್ಲಿ ಹೀಗೆ ಮಾಡಿದೆ. ಕ್ಯಾನ್ವಾಸ್ 16 ಬಿಟ್. 8 ಬಿಟ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ, ಅಗಲದ ಪ್ರಭೆಯಲ್ಲಿ ಆ ಮೆಟ್ಟಿಲುಗಳು ಉಂಗುರದ ಹಾಗೆ ಎದ್ದು ಕಾಣುತ್ತವೆ. ಗಟ್ಟಿ ಅಂಚಿನ ಬ್ರಷ್‌ನಲ್ಲಿ 50 ಪಿಕ್ಸೆಲ್‌ನ ಬಿಳಿ ಚುಕ್ಕೆ ಒಂದು, ಗ್ರಹ ಮುಚ್ಚಿದಷ್ಟು ಭಾಗ ಅಳಿಸಿದ್ದು. ಅದರ ಮೂರು ನಕಲು, ಒಂದಕ್ಕೆ 15, ಇನ್ನೊಂದಕ್ಕೆ 90, ಮತ್ತೊಂದಕ್ಕೆ 400 ಪಿಕ್ಸೆಲ್ ಬ್ಲರ್. ಬ್ಲರ್ ದೊಡ್ಡದಾದಷ್ಟೂ ಚುಕ್ಕೆ ಕರಗಿಹೋಗುತ್ತದೆ, ಅದಕ್ಕೆ ದೊಡ್ಡ ಬ್ಲರ್‌ನ ಪದರಗಳ ಬೆಳಕನ್ನು ಏರಿಸಬೇಕು. ಮೂರೂ ಬೆಳಕಿಗೆ ಬೆಳಕು ಕೂಡಿಸುವ ಅಡಿಷನ್ ಮೋಡ್‌ನಲ್ಲಿ ಗ್ರಹದ ಮೇಲೆ. ಕೊನೆಗೆ ಕಂಡೂ ಕಾಣದಷ್ಟು ನಾಯ್ಸ್. ಹಿನ್ನೆಲೆಯ ನಕ್ಷತ್ರಗಳನ್ನೂ ತೆಗೆದುಬಿಟ್ಟೆ, ಹೊಟ್ಟೆ ಉರಿಯಿತು, ಎರಡು ಗಂಟೆ ಕೂತು ಚಿಮುಕಿಸಿದ್ದವು. ಸೂರ್ಯನ ಬೆಳಕಿಗೆ ಹೊಂದಿಸಿದ ಕ್ಯಾಮೆರಾದಲ್ಲಿ ನಕ್ಷತ್ರ ಬೀಳುವುದಿಲ್ಲ. ಅಪೊಲೊ ಯಾತ್ರಿಗಳು ಚಂದ್ರನ ಮೇಲೆ ಹಗಲಲ್ಲಿ ತೆಗೆದ ಫೋಟೋಗಳ ಆಕಾಶ ಕರ್ರಗಿರುವುದೂ ಇದಕ್ಕೇ.

ಇಪ್ಪತ್ತು ನಿಮಿಷದ ಕೆಲಸ. ಅದೇ ದೃಶ್ಯಕ್ಕೆ ಬ್ಲೆಂಡರ್ ಸೂರ್ಯನನ್ನೂ, ಎರಡು ದಿನ ಕೂತು ಮಾಡಿದ ಮೇಲ್ಮೈ ಸಮೇತ, ಚಿಕ್ಕದು ಮಾಡಿ ಇನ್ನೊಂದು ಪದರದಲ್ಲಿ ಇಟ್ಟಿದ್ದೆ. ಒಮ್ಮೆ ಅದನ್ನು ಆನ್ ಮಾಡಿ, ಒಮ್ಮೆ ಆಫ್ ಮಾಡಿ ತಂಗಿಗೆ ತೋರಿಸಿದೆ. "ಏನು ಬದಲಾಯಿಸಿದೆ ಅಣ್ಣಾ? ಎರಡೂ ಒಂದೇ ಥರ ಇದೆಯಲ್ಲ" ಎಂದಳು. ಆ ಪದರ ಈಗಲೂ ಫೈಲ್‌ನಲ್ಲಿದೆ, ಆಫ್ ಆಗಿದೆ.