ಕೋಚಿಂಗ್ ಸೇವೆ, ವರ್ಷದ ನಂತರ: ಮೊದಲ ಕೋಚ್‌ಗೆ ಪೂರ್ತಿ ಅಂಕ, ಕಂಪನಿಗೆ ಅರ್ಧ

ಈ ಆನ್‌ಲೈನ್ ಕೋಚಿಂಗ್ ಸೇವೆ (ಪಾಠದ ಟ್ಯೂಷನ್ ಅಲ್ಲ, ಪ್ರಶ್ನೆ ಕೇಳಿ ಕೆಲಸದ ನಿರ್ಧಾರ ನಾವೇ ಮಾಡುವ ಹಾಗೆ ಮಾಡೋದು) ಬಳಸಲು ಶುರು ಮಾಡಿ ವರ್ಷ ದಾಟಿತು. ಆ್ಯಪ್, ಪ್ಯಾಕೇಜ್ ವಿವರವೆಲ್ಲ ನೀವೇ ನೋಡಿರುತ್ತೀರಿ, ಬಿಡಿ. ನಾನು ಹೇಳಬೇಕಿರುವುದು ನನ್ನ ಮೊದಲ ಕೋಚ್ ಸುಮ್ನೆ ಕೂರುತ್ತಿದ್ದ ರೀತಿಯ ಬಗ್ಗೆ.

ಟೀಮ್ ಲೀಡ್ ಆಗಿ ಬಡ್ತಿ ಬಂದಿತ್ತು, ಒಪ್ಪಬೇಕೋ ಬೇಡವೋ ಗೊತ್ತಾಗುತ್ತಿರಲಿಲ್ಲ. “ಬೇಡ ಅಂದರೆ ಏನಾಗುತ್ತೆ?” ಅಂತ ಕೋಚ್ ಕೇಳಿದರು. ಬಾಸ್‌ಗೆ ಬೇಜಾರಾಗುತ್ತೆ ಅಂದೆ. “ಆಮೇಲೆ?” ಅಂದವರು ಮುಂದೆ ಮಾತೇ ಆಡಲಿಲ್ಲ. ಗಡಿಯಾರ ನೋಡಲಿಲ್ಲ, ಸುಳಿವೂ ಕೊಡಲಿಲ್ಲ. ತುಂಬಾ ಹೊತ್ತಾದ ಮೇಲೆ ನನ್ನ ಬಾಯಿಂದ ಬಂತು: “ಆಮೇಲೆ ನಾನು ಡಿಸೈನ್ ಮಾಡಿಕೊಂಡೇ ಇರಬಹುದು.” ನನಗೆ ಬಿಡಲು ಇಷ್ಟವಿಲ್ಲದ್ದು ಅದೇ ಅಂತ ಆಗಲೇ ಗೊತ್ತಾಗಿದ್ದು. ಡಿಸೈನ್ ಕೆಲಸವನ್ನೂ ಉಳಿಸಿಕೊಡಿ ಅಂತ ಬಾಸ್‌ನ ಕೇಳುವ ದಾರಿಯೂ ನನಗೇ ಹೊಳೆಯಿತು. “ಕೇಳಿಯೇ ಕೇಳುತ್ತೀರಿ ಅನ್ನೋದಕ್ಕೆ 10ರಲ್ಲಿ ಎಷ್ಟು?” 6 ಅಂದೆ. “8 ಆಗಬೇಕಾದರೆ?” ಏನು ಹೇಳಬೇಕು ಅಂತ ಮೊದಲೇ ಬರೆದಿಟ್ಟುಕೊಂಡರೆ ಆಗುತ್ತೆ ಅಂದೆ. ಬರೆದೆ, ಕೇಳಿದೆ, ಸಿಕ್ಕಿತು.

ಅವರ ಪ್ರಶ್ನೆಗಳ ಹಿಂದಿದ್ದದ್ದು ಇಷ್ಟೇ: ಗುರಿ, ಈಗಿನ ಪರಿಸ್ಥಿತಿ, ಇರುವ ದಾರಿಗಳು, ಮಾಡುವ ಕೆಲಸ. ಇದು ಗ್ರೋ ಅನ್ನುವ ವಿಧಾನ, ಜಾನ್ ವಿಟ್‌ಮೋರ್ 1992ರಲ್ಲಿ ಪುಸ್ತಕ ಬರೆದು ಜನಪ್ರಿಯ ಮಾಡಿದ್ದು. ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತೆ.

ಸೆಷನ್‌ಗೆ ಮೊದಲು ನೋಟ್‌ಬುಕ್‌ನಲ್ಲಿ ಒಂದೇ ಸಾಲು ಬರೆಯುತ್ತೇನೆ: ಇವತ್ತು ಏನು ಬಗೆಹರಿಯಬೇಕು. ಕಾಲ್ ಮುಗಿದ ತಕ್ಷಣ, ಮೇಲ್ ತೆರೆಯುವ ಮೊದಲು, ಅದರ ಕೆಳಗೆ ಇನ್ನೊಂದು: ಏನು ಮಾಡುತ್ತೇನೆ, ಯಾವಾಗ. ತಿಂಗಳಿಗೆ ಒಂದೇ ಸೆಷನ್ ನನ್ನ ಬಜೆಟ್‌ಗೆ ಆಗೋದು. ಹಾಗಾಗಿ ಈ ಎರಡು ಸಾಲು ಇಲ್ಲದಿದ್ದರೆ ನನಗೆ ದುಡ್ಡು ದಂಡ.

ಮಧ್ಯದಲ್ಲಿ ಕೋಚಿಂಗ್ ಕಂಪನಿಯವರು ಒಂದು ಮಾತೂ ಕೇಳದೆ ಕೋಚ್ ಬದಲಾಯಿಸಿದರು. ಹೊಸಬರು ಒಳ್ಳೆಯವರೇ, ಆದರೆ ಮಾತು ಜಾಸ್ತಿ. ನಾನು ಅರ್ಧ ಹೇಳುವಷ್ಟರಲ್ಲಿ “ನಿಮ್ಮ ಜಾಗದಲ್ಲಿ ನಾನಿದ್ದರೆ...” ಅಂತ ಶುರು. ಅನುಭವಿಗಳ ಸಲಹೆ ಬೇಕಿದ್ದರೆ ಆಫೀಸಿನ ಹಿರಿಯರೇ ಇದ್ದಾರಲ್ವಾ? ಈ ಕೋಚ್ ಕೊಟ್ಟ ಸಲಹೆಗಳ ಪಟ್ಟಿಯಲ್ಲಿ ಒಂದನ್ನೂ ನಾನು ಮಾಡಲಿಲ್ಲ. ಯಾವುದೂ ನನ್ನದು ಅನ್ನಿಸಲಿಲ್ಲ. ದೂರು ಕೊಟ್ಟರೆ ಬಂದದ್ದು ರೆಡಿಮೇಡ್ ಉತ್ತರ.

ಪಟ್ಟು ಹಿಡಿದ ಮೇಲೆ ಮೂರನೆಯವರು ಸಿಕ್ಕಿದ್ದಾರೆ. ಇವರು ಕೇಳಿಸಿಕೊಳ್ಳುತ್ತಾರೆ. ನಿದ್ದೆಯೇ ಬರುತ್ತಿಲ್ಲ ಅಂತ ಹೇಳಿದಾಗ, ಇದಕ್ಕೆ ಡಾಕ್ಟರ್ ಹತ್ತಿರ ಹೋಗಿ, ಇದು ಕೋಚಿಂಗ್ ಕೆಲಸವಲ್ಲ ಅಂತ ನೇರವಾಗಿ ಹೇಳಿದರು. ಅವತ್ತೇ ನಂಬಿಕೆ ಬಂತು.

ಸೇರುವವರು ಪ್ರಮಾಣಪತ್ರ ಕೇಳಿ. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್‌ ಕೊಡುವ ಪಿಸಿಸಿ (ಪ್ರೊಫೆಷನಲ್ ಸರ್ಟಿಫೈಡ್ ಕೋಚ್) ಪ್ರಮಾಣಪತ್ರಕ್ಕೆ 500 ಗಂಟೆ ಕೋಚಿಂಗ್ ಮಾಡಿದ ಅನುಭವ ಬೇಕು. ಜೊತೆಗೆ ಟ್ರಯಲ್ ಕಾಲ್‌ನಲ್ಲಿ ಯಾರು ಜಾಸ್ತಿ ಮಾತಾಡಿದರು ಅಂತ ಗಮನಿಸಿ. ಕೋಚ್ ಬದಲಾದರೆ ಉಳಿದ ಹಣ ವಾಪಸ್ ಬರುತ್ತಾ ಅನ್ನೋದನ್ನ ಬರವಣಿಗೆಯಲ್ಲೇ ತೆಗೆದುಕೊಳ್ಳಿ.