‘ಸತ್ಯಾಗ್ರಹ’ ಒಪೆರಾ: ಭಗವದ್ಗೀತೆ ಗೊತ್ತಿದ್ದವರು ಬಿಡಬಾರದ್ದು

ಒಪೆರಾ (ಮಾತಿನ ಬದಲು ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕ) ಅಂದರೆ ಇಟಾಲಿಯನ್ನೋ ಜರ್ಮನ್ನೋ, ನಮಗೆ ತಿಳಿಯಲ್ಲ ಅಂತ ದೂರ ಇದ್ದೀರಾ? ಇದನ್ನು ನೋಡಿ. ಇಡೀ ಹಾಡುಗಾರಿಕೆ ಸಂಸ್ಕೃತದಲ್ಲಿದೆ. ಅಮೆರಿಕದ ಸಂಗೀತ ಸಂಯೋಜಕ ಫಿಲಿಪ್ ಗ್ಲಾಸ್ ಸಂಗೀತದ ‘ಸತ್ಯಾಗ್ರಹ’ ಮೊದಲು ರಂಗಕ್ಕೆ ಬಂದದ್ದು 1980ರಲ್ಲಿ, ನೆದರ್‌ಲ್ಯಾಂಡ್ಸ್‌ನ ರೋಟರ್‌ಡ್ಯಾಮ್‌ನಲ್ಲಿ. ನಾನು ನೋಡಿದ್ದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾದವರ 2011ರ ಪ್ರದರ್ಶನದ ರೆಕಾರ್ಡಿಂಗ್. ಗಾಂಧಿಯಾಗಿ ಹಾಡಿದವರು ರಿಚರ್ಡ್ ಕ್ರಾಫ್ಟ್.

ಕಥೆ ಗಾಂಧಿಯ ದಕ್ಷಿಣ ಆಫ್ರಿಕಾದ ದಿನಗಳದ್ದು. ಆದರೆ ಪಾತ್ರಗಳು ಕಥೆ ಹೇಳುವುದೇ ಇಲ್ಲ. ಡರ್ಬನ್‌ನಲ್ಲಿ ಬಿಳಿಯರ ಗುಂಪು ಗಾಂಧಿಯ ಮೇಲೆ ಬೀಳುತ್ತದೆ, ಪೊಲೀಸ್ ಅಧಿಕಾರಿಯ ಹೆಂಡತಿ ಕೊಡೆ ಹಿಡಿದು ಕಾಪಾಡುತ್ತಾಳೆ, 1908ರಲ್ಲಿ ಭಾರತೀಯರು ಅಲ್ಲಿನ ಸರ್ಕಾರ ಹೇರಿದ ನೋಂದಣಿ ಪತ್ರಗಳನ್ನು ಬೆಂಕಿಗೆ ಹಾಕುತ್ತಾರೆ, ಇಷ್ಟೆಲ್ಲ ನಡೆಯುವಾಗಲೂ ಬಾಯಲ್ಲಿ ಬರುವುದು ಭಗವದ್ಗೀತೆಯ ಶ್ಲೋಕ ಮಾತ್ರ. ಕಣ್ಣಿಗೆ ಕಾಣುವುದು ಅವರು ಮಾಡಿದ್ದು, ಕಿವಿಗೆ ಬೀಳುವುದು ಅವರು ನಂಬಿದ್ದು. 1947ಕ್ಕೆ ಎಷ್ಟೋ ಮೊದಲು, ಕಡಲಾಚೆ ಒಂದು ನೆಲದಲ್ಲಿ ನಮ್ಮ ದೇಶದ ಬುನಾದಿ ಬಿದ್ದ ಬಗೆ ಯಾವ ಪಠ್ಯಪುಸ್ತಕದಲ್ಲೂ ನನಗೆ ಇಷ್ಟು ಹತ್ತಿರ ಬಂದಿರಲಿಲ್ಲ.

ಮೂರು ಅಂಕಗಳಿಗೂ ಒಬ್ಬೊಬ್ಬರು ಸಾಕ್ಷಿ: ಟಾಲ್‌ಸ್ಟಾಯ್, ಟಾಗೋರ್, ಮಾರ್ಟಿನ್ ಲೂಥರ್ ಕಿಂಗ್. ಅವರು ಹಾಡುವುದಿಲ್ಲ, ಸುಮ್ನೆ ಇರುತ್ತಾರೆ. ಗಾಂಧಿಯ ‘ಇಂಡಿಯನ್ ಒಪಿನಿಯನ್’ ಪತ್ರಿಕೆಗೂ ಇಲ್ಲಿ ಒಂದು ದೃಶ್ಯ ಇದೆ. ರಂಗದ ದೈತ್ಯ ಗೊಂಬೆಗಳಿಗೂ ಬಳಸಿದ್ದು ಹಳೇ ಪತ್ರಿಕೆಗಳನ್ನೇ!

ಸಂಗೀತ ನಿಧಾನ. ಒಂದೇ ಸಾಲು ಮತ್ತೆ ಮತ್ತೆ ಸುತ್ತುತ್ತದೆ. ಆದರೆ ಕೊನೆಗೆ ಗಾಂಧಿ ಒಬ್ಬರೇ ನಿಂತು ‘ಯದಾ ಯದಾ ಹಿ ಧರ್ಮಸ್ಯ’ ಇರುವ ಭಾಗ ಹಾಡುವಾಗ ಮೇಲಕ್ಕೆ ಏರುತ್ತಾ ಹೋಗುವ ಸ್ವರಗಳಿವೆಯಲ್ಲ, ಅವು ನಮ್ಮ ಹನುಮತೋಡಿ ರಾಗದ ಆರೋಹಣದ ಸ್ವರಗಳೇ. ಗಮಕದ ಬಳುಕು ಇಲ್ಲ, ನೇರ ಮೆಟ್ಟಿಲು. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಅಲ್ಲಿ ಎದೆ ತುಂಬಿ ಬರುತ್ತದೆ.

ಒಂದು ಕೊರತೆ ನನ್ನನ್ನು ಕಾಡಿತು. ಕೊನೆಯ ಅಂಕದಲ್ಲಿ ಬರುವ, ದಕ್ಷಿಣ ಆಫ್ರಿಕಾದ ಭಾರತೀಯರ ಮೇಲಿನ ತೆರಿಗೆ, ಕಾನೂನುಗಳ ವಿರುದ್ಧದ 1913ರ ನ್ಯೂಕಾಸಲ್ ನಡಿಗೆಯಲ್ಲಿ ಗಣಿ ಕೂಲಿಗಳದ್ದೇ ದೊಡ್ಡ ಪಾಲು ಅಲ್ವಾ? ಕೆಲಸ ಬಿಟ್ಟು, ಜೈಲಿಗೆ ಹೋಗುವುದಕ್ಕೂ ತಯಾರಾಗಿ ಹೊರಟವರು ಅವರು. ಇಲ್ಲಿ ಅವರು ಬರೀ ಗುಂಪು, ಒಬ್ಬರ ಮುಖವೂ ನೆನಪಲ್ಲಿ ಉಳಿಯುವುದಿಲ್ಲ. ಆ ನೆಲದ ಕಪ್ಪು ಜನರ ಪಾಡಂತೂ ಕಾಣುವುದೇ ಇಲ್ಲ.

ಗಾಯಕರ ಉಚ್ಚಾರಣೆ ಬೇರೆ ಥರ ಇರುವುದರಿಂದ ಎಷ್ಟೋ ಶ್ಲೋಕ ಮೊದಲ ಸಲಕ್ಕೆ ಗುರುತು ಸಿಗುವುದಿಲ್ಲ. ಗೀತೆ ಪುಸ್ತಕ ಪಕ್ಕದಲ್ಲಿಟ್ಟುಕೊಳ್ಳಿ, ದೃಶ್ಯಗಳ ಸಾರಾಂಶ ಮೊದಲೇ ಓದಿ. ಪೂರ್ತಿ ಕೂರುವಷ್ಟು ಪುರುಸೊತ್ತಿಲ್ಲದಿದ್ದರೆ ಎರಡನೇ ಅಂಕದಿಂದಲೇ ಶುರು ಮಾಡಿ.