ಎಸ್‌ಪಿಐ ಡ್ರೈವರ್ ಲೋಡ್ ಆಯಿತು ಅಂತ ನೆಮ್ಮದಿಯಾಗಿ ಕೂರಬೇಡಿ

ಲಿನಕ್ಸ್ ಕರ್ನಲ್‌ನಲ್ಲಿ ಎಸ್‌ಪಿಐ ಬಸ್ (ಪ್ರೊಸೆಸರ್ ಮತ್ತು ಸೆನ್ಸರ್, ಫ್ಲ್ಯಾಶ್‌ನಂಥ ಚಿಪ್‌ಗಳ ನಡುವೆ ಡೇಟಾ ಸಾಗಿಸುವ ತಂತಿಗಳ ಜೋಡಣೆ) ಹೊಂದಿಸಲು ಕೂತವರಿಗೆ ಮೊದಲ ಎಚ್ಚರಿಕೆ: ಈ ಬಸ್ಸಿನಲ್ಲಿ ‘ನೀವು ಕಳಿಸಿದ್ದು ತಲುಪಿತು’ ಎಂದು ತಿರುಗಿ ಹೇಳುವ ವ್ಯವಸ್ಥೆಯೇ ಇಲ್ಲ. ಇಂಥದೇ ಇನ್ನೊಂದು ಬಸ್ಸಾದ ಐ2ಸಿಯಲ್ಲಾದರೆ ಚಿಪ್ ಇಲ್ಲದ ವಿಳಾಸವನ್ನು ಕರೆದ ಕೂಡಲೇ ಎರರ್ ಬರುತ್ತದೆ. ಎಸ್‌ಪಿಐ ಕಂಟ್ರೋಲರ್ ಕ್ಲಾಕ್ ಹೊಡೆಯುತ್ತದೆ, ಬಿಟ್‌ಗಳನ್ನು ಹೊರಗೆ ದೂಡುತ್ತದೆ, ಆ ಹೊತ್ತಿಗೆ ಎಂಐಎಸ್‌ಒ (ಚಿಪ್ಪಿನಿಂದ ಉತ್ತರ ಬರುವ) ತಂತಿಯ ಮೇಲೆ ಏನಿದೆಯೋ ಅದನ್ನೇ ಉತ್ತರ ಎಂದು ಎತ್ತಿಕೊಳ್ಳುತ್ತದೆ. ಎದುರಿಗೆ ಚಿಪ್ಪೇ ಇಲ್ಲದಿದ್ದರೂ ಓದುವ ಫಂಕ್ಷನ್ ಸೊನ್ನೆ ವಾಪಸ್ ಕೊಡುತ್ತದೆ, ಅಂದರೆ ಎಲ್ಲ ಸರಿ ಎಂದರ್ಥ. ಬಂದ ಡೇಟಾ ಮಾತ್ರ ಪೂರ್ತಿ ಎಫ್‌ಎಫ್ (ಎಲ್ಲ ಬಿಟ್ 1), ಇಲ್ಲವೇ ಪೂರ್ತಿ 00 (ಎಲ್ಲ ಬಿಟ್ 0).

ಹೀಗಾಗಿ ಡಿವೈಸ್ ಟ್ರೀಯಲ್ಲಿ (ಬೋರ್ಡಿನಲ್ಲಿ ಯಾವ ಚಿಪ್ ಎಲ್ಲಿದೆ ಎಂದು ಕರ್ನಲ್‌ಗೆ ಹೇಳುವ ಫೈಲ್) ನಾಲ್ಕು ಸಾಲು ಬರೆದು, ಬೂಟ್ ಲಾಗ್‌ನಲ್ಲಿ ಎರರ್ ಇಲ್ಲ, ಡಿವೈಸ್ ಫೈಲೂ ಬಂದಿದೆ ಎಂದು ಪೆಟ್ಟಿಗೆ ಮುಚ್ಚಿದರೆ ಆಮೇಲೆ ಸೈಟಿಗೆ ಓಡಬೇಕಾಗುತ್ತದೆ. ಮೊದಲು ಚಿಪ್ಪಿನ ಗುರುತಿನ ರಿಜಿಸ್ಟರ್ ಓದಿ. ಬಿಎಂಇ280 ಸೆನ್ಸರ್ ಆದರೆ ಹೆಕ್ಸ್ (16ರ ಮೂಲದ ಸಂಖ್ಯೆ) ಡಿ0 ವಿಳಾಸದಲ್ಲಿ 60 ಸಿಗಬೇಕು. ವಿನ್‌ಬಾಂಡ್‌ನ ಡಬ್ಲ್ಯೂ25ಕ್ಯೂ64 ಫ್ಲ್ಯಾಶ್ ಆದರೆ 9ಎಫ್ ಕಮಾಂಡಿಗೆ ಇಎಫ್, 40, 17 ಎಂಬ ಮೂರು ಬೈಟ್ ಬರಬೇಕು. ಇವು ಬರದ ಹೊರತು ಮುಂದಿನ ಯಾವ ಡೇಟಾವನ್ನೂ ನಂಬಬೇಡಿ.

ಹೆಚ್ಚು ಜನ ಸಿಕ್ಕಿಬೀಳುವ ಜೋಡಣೆಯನ್ನೇ ತೆಗೆದುಕೊಳ್ಳೋಣ: ರಾಸ್ಪ್‌ಬೆರಿ ಪೈ 4, ಜೊತೆಗೆ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ನೀಲಿ ಬಣ್ಣದ ಎಂಸಿಪಿ2515 ಕ್ಯಾನ್ ಮಾಡ್ಯೂಲ್ (ಕ್ಯಾನ್ ಎಂದರೆ ವಾಹನ, ಕಾರ್ಖಾನೆಗಳಲ್ಲಿ ಕಂಟ್ರೋಲರ್‌ಗಳು ಪರಸ್ಪರ ಮಾತಾಡುವ ಬಸ್). ಪೈನ ಕಾನ್ಫಿಗ್ ಫೈಲಿನಲ್ಲಿ ಎಸ್‌ಪಿಐ ಆನ್ ಮಾಡುವ ಸಾಲು, ಎಂಸಿಪಿ2515 ಓವರ್‌ಲೇ (ಡಿವೈಸ್ ಟ್ರೀಗೆ ಸೇರುವ ತುಣುಕು) ಸಾಲು, ಅದರಲ್ಲೇ ಆಸಿಲೇಟರ್ (ಮಾಡ್ಯೂಲಿನ ಕ್ಲಾಕ್ ಕ್ರಿಸ್ಟಲ್‌ನ ವೇಗ) ಮತ್ತು ಇಂಟರಪ್ಟ್ ಪಿನ್ (ಸಂದೇಶ ಬಂತು ಎಂದು ಚಿಪ್ ಎಚ್ಚರಿಸುವ ಪಿನ್). ಆ ಫೈಲ್ ರಾಸ್ಪ್‌ಬೆರಿ ಪೈ ಓಎಸ್‌ನ ಬುಕ್‌ವರ್ಮ್ ಆವೃತ್ತಿಯಿಂದ ಬೂಟ್ ಫೋಲ್ಡರಿನೊಳಗಿನ ಫರ್ಮ್‌ವೇರ್ ಫೋಲ್ಡರಿಗೆ ಹೋಗಿದೆ. ಹಳೆಯ ಜಾಗದಲ್ಲಿ ತಿದ್ದಿದವರು ಏನೂ ಬದಲಾಗದೆ ತಲೆ ಕೆರೆದುಕೊಳ್ಳುತ್ತಾರೆ.

ಎಂಸಿಪಿ2515ರ ಡ್ರೈವರ್ ಬರೆದವರು ಜಾಣರು. ಚಿಪ್ಪನ್ನು ರೀಸೆಟ್ ಮಾಡಿ ಕಂಟ್ರೋಲ್ ರಿಜಿಸ್ಟರ್ ಓದಿ, ಹೆಕ್ಸ್ 17ರ ಮಾಸ್ಕ್ ಹಾಕಿ, ಉತ್ತರ 07 ಬಂತೇ ಎಂದು ನೋಡುತ್ತಾರೆ. ತಂತಿ ತೇಲುತ್ತಿದ್ದು ಎಲ್ಲ ಬಿಟ್ 1 ಆದರೆ 17 ಬರುತ್ತದೆ, ಎಲ್ಲ 0 ಆದರೆ 00 ಬರುತ್ತದೆ, ಎರಡೂ ಸಿಕ್ಕಿಬೀಳುತ್ತವೆ. ಆಗ ಲಾಗ್‌ನಲ್ಲಿ ‘ವೈರಿಂಗ್ ತಪ್ಪೇ?’ ಎಂದು ಕೇಳುವ ಸಾಲು ಬರುತ್ತದೆ. ಅದು ಬಂದರೆ ಅದೃಷ್ಟ ಎಂದೇ ತಿಳಿಯಿರಿ, ತಪ್ಪು ಎಲ್ಲಿದೆ ಎಂದಾದರೂ ಗೊತ್ತಾಗುತ್ತದೆ.

ಕೈಕೊಡುವುದು ಕ್ರಿಸ್ಟಲ್. ಮಾರಾಟದ ಪುಟದಲ್ಲಿ 16 ಮೆಗಾಹರ್ಟ್ಸ್ ಎಂದಿರುತ್ತದೆ, ಕೈಗೆ ಬಂದ ಮಾಡ್ಯೂಲ್ ಮೇಲೆ 8 ಕೂತಿರುತ್ತದೆ. ಒಂದೇ ಆರ್ಡರ್‌ನಲ್ಲಿ ಎರಡೂ ಬಗೆ ಬೆರೆತು ಬರುವುದೂ ಉಂಟು. ಓವರ್‌ಲೇಯಲ್ಲಿ ಆಸಿಲೇಟರ್ ಹೇಳದಿದ್ದರೆ ಅದು 16 ಎಂದೇ ಹಿಡಿಯುತ್ತದೆ. ಪ್ರೋಬ್ (ಡ್ರೈವರ್ ಚಿಪ್ಪನ್ನು ಹುಡುಕಿ ಹಿಡಿಯುವ ಹಂತ) ಸಲೀಸಾಗಿ ಆಗುತ್ತದೆ, ಕ್ಯಾನ್0 ಎಂಬ ಇಂಟರ್‌ಫೇಸ್ ಕಾಣಿಸುತ್ತದೆ, 5,00,000 ಬಿಟ್‌ರೇಟ್ ಕೊಟ್ಟು ಅಪ್ ಮಾಡಿದರೂ ಎರರ್ ಇಲ್ಲ. ತಂತಿಯ ಮೇಲೆ ಮಾತ್ರ ಹೋಗುತ್ತಿರುವುದು 2,50,000. ಲೂಪ್‌ಬ್ಯಾಕ್ ಮೋಡ್‌ನಲ್ಲಿ ಪರೀಕ್ಷೆ ಮಾಡಿದರೆ ಅದೂ ಪಾಸ್, ಏಕೆಂದರೆ ತಪ್ಪು ವೇಗದಲ್ಲಿ ಕಳಿಸುವವನೂ ತಪ್ಪು ವೇಗದಲ್ಲಿ ಕೇಳುವವನೂ ಒಂದೇ ಚಿಪ್. ಇಂಥ ನೋಡ್ (ಬಸ್ಸಿಗೆ ಸೇರಿದ ಒಂದು ಸಾಧನ) ಅನ್ನು ನಡೆಯುತ್ತಿರುವ ಬಸ್ಸಿಗೆ ಸಿಕ್ಕಿಸಿದರೆ ಅದು ತಾನು ಕೆಡುವುದಷ್ಟೇ ಅಲ್ಲ, ಬೇರೆಯವರ ಫ್ರೇಮ್‌ಗಳ (ಸಂದೇಶಗಳ) ಮೇಲೂ ಎರರ್ ಫ್ರೇಮ್ ಸುರಿದು ಸರಿಯಾಗಿದ್ದ ನೋಡ್‌ಗಳ ಮಾತುಕತೆಯನ್ನೇ ಕೆಡಿಸುತ್ತದೆ. ವಾಹನಕ್ಕೋ ಕಾರ್ಖಾನೆಯ ಲೈನಿಗೋ ನೇರವಾಗಿ ಜೋಡಿಸಿದರೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಕ್ರಿಸ್ಟಲ್‌ನ ಲೋಹದ ಡಬ್ಬಿಯ ಮೇಲೆ ಅಚ್ಚಾಗಿರುವುದನ್ನು ಕಣ್ಣಾರೆ ಓದಿ: 8.000 ಅಥವಾ 16.000. ಓವರ್‌ಲೇಯಲ್ಲಿ ಅದನ್ನೇ ಹರ್ಟ್ಸ್‌ನಲ್ಲಿ, ಅಂದರೆ 80,00,000 ಅಥವಾ 1,60,00,000 ಎಂಬ ಸಂಖ್ಯೆಯನ್ನು ಅಲ್ಪವಿರಾಮವಿಲ್ಲದೆ ಕೊಡಿ. ಮೊದಲ ಸಲ ಇಂಟರ್‌ಫೇಸ್ ಎತ್ತುವಾಗ ಲಿಸನ್ ಓನ್ಲಿ (ಕೇಳುವುದಷ್ಟೇ, ಏನೂ ಕಳಿಸದ) ಮೋಡ್ ಹಾಕಿ. ಕ್ಯಾನ್‌ಡಂಪ್‌ನಲ್ಲಿ (ಬಂದ ಫ್ರೇಮ್ ತೋರಿಸುವ ಕಮಾಂಡ್) ಫ್ರೇಮ್‌ಗಳು ಕಂಡರೆ ವೇಗ ಹೊಂದಿದೆ, ಕಾಣದಿದ್ದರೂ ಆ ಮೋಡ್‌ನಲ್ಲಿ ನೀವು ಯಾರಿಗೂ ತೊಂದರೆ ಕೊಟ್ಟಿರುವುದಿಲ್ಲ. ಬಸ್ಸಿನ ಎರಡು ತುದಿಗಳಲ್ಲೂ 120 ಓಮ್ ರೆಸಿಸ್ಟರ್ ಇದೆಯೇ ಎಂದು ಪವರ್ ತೆಗೆದು ಮೀಟರ್ ಇಟ್ಟು ನೋಡಿ. ಎರಡು ತಂತಿಗಳ ನಡುವೆ ಸುಮಾರು 60 ಓಮ್ ತೋರಿಸಬೇಕು. 8 ಮೆಗಾಹರ್ಟ್ಸ್ ಕ್ರಿಸ್ಟಲ್‌ನಿಂದ 1 ಮೆಗಾಬಿಟ್ ವೇಗ ಹೊರಡುವುದೇ ಇಲ್ಲ: ಕ್ಲಾಕ್ ಒಳಗೆ ಅರ್ಧವಾಗಿ 4 ಮೆಗಾಹರ್ಟ್ಸ್ ಆಗುತ್ತದೆ, ಒಂದು ಬಿಟ್ಟಿಗೆ 4 ತುಣುಕು ಮಾತ್ರ ಉಳಿಯುತ್ತದೆ, ಡ್ರೈವರ್‌ಗೆ ಕನಿಷ್ಠ 6 ಬೇಕು.

ಅದೇ ಮಾಡ್ಯೂಲಿನ ಇನ್ನೊಂದು ಅಪಾಯ ವೋಲ್ಟೇಜ್. ಅದರ ಮೇಲಿರುವ ಟಿಜೆಎ1050 ಟ್ರಾನ್ಸೀವರ್‌ಗೆ (ಕ್ಯಾನ್ ತಂತಿಗೆ ಸಿಗ್ನಲ್ ಕಳಿಸಿ ಪಡೆಯುವ ಚಿಪ್) 5 ವೋಲ್ಟ್ ಬೇಕು. ಬೋರ್ಡಿನಲ್ಲಿ ಒಂದೇ ವಿಸಿಸಿ ಪಿನ್ ಇರುವುದರಿಂದ ಎಂಸಿಪಿ2515 ಕೂಡ 5 ವೋಲ್ಟ್‌ನಲ್ಲೇ ಓಡಿ, ತನ್ನ ಎಸ್‌ಒ (ಡೇಟಾ ಹೊರಬರುವ) ಪಿನ್ನಿನಿಂದ ಪೈನ ಜಿಪಿಐಒ 9 ಪಿನ್ನಿಗೆ 5 ವೋಲ್ಟ್ ತಳ್ಳುತ್ತದೆ. ಪೈ ಪಿನ್ ತಡೆಯುವುದು 3.3 ವೋಲ್ಟ್. ಕೆಲವು ಬೋರ್ಡ್ ತಿಂಗಳುಗಟ್ಟಲೆ ಸಹಿಸುತ್ತವೆ, ಕೆಲವು ಮೊದಲ ದಿನವೇ ಹೋಗುತ್ತವೆ. ಸಹಿಸಿತು ಎಂಬುದು ಸರಿ ಎಂಬುದಕ್ಕೆ ಸಾಕ್ಷಿಯಲ್ಲ. ಟ್ರೇಸ್ ಕತ್ತರಿಸಿ ಎರಡು ಚಿಪ್ಪಿಗೂ ಬೇರೆ ಬೇರೆ ಸಪ್ಲೈ ಕೊಡಿ, ಇಲ್ಲವೇ ಲೆವೆಲ್ ಶಿಫ್ಟರ್ (ವೋಲ್ಟೇಜ್ ಹೊಂದಿಸುವ ಭಾಗ) ಹಾಕಿ.

ಇಂಟರಪ್ಟ್ ವಿಷಯದಲ್ಲೂ ಒಂದು ಮಾತು. ಡಿವೈಸ್ ಟ್ರೀ ಕೈಯಲ್ಲೇ ಬರೆಯುವವರು ಅದನ್ನು ಬೀಳುವ ಅಂಚಿಗೆ (ಪಿನ್ ಮೇಲಿಂದ ಕೆಳಗಿಳಿಯುವ ಕ್ಷಣಕ್ಕೆ) ಹಾಕಿಬಿಡುತ್ತಾರೆ. ಹ್ಯಾಂಡ್ಲರ್ ಮುಗಿಯುವ ಹೊತ್ತಿಗೆ ಹೊಸ ಫ್ರೇಮ್ ಬಂದು ಪಿನ್ ಕೆಳಗೇ ಉಳಿದರೆ ಇನ್ನೊಂದು ಅಂಚು ಹುಟ್ಟುವುದೇ ಇಲ್ಲ. ರಿಸೀವ್ ನಿಂತುಹೋಗುತ್ತದೆ, ಇಂಟರ್‌ಫೇಸ್ ಡೌನ್ ಮಾಡಿ ಅಪ್ ಮಾಡುವವರೆಗೆ ಏಳುವುದಿಲ್ಲ. ಮೇಜಿನ ಮೇಲೆ ಎರಡು ನೋಡ್ ಇಟ್ಟುಕೊಂಡು ನೋಡಿದಾಗ ಇದು ಕಾಣುವುದಿಲ್ಲ, ಬಸ್ ಲೋಡ್ ಏರಿದಾಗ ಕಾಣುತ್ತದೆ. ಪೈನ ಓವರ್‌ಲೇ ಬಳಸುವಂತೆ ಲೆವೆಲ್ ಲೋ (ಪಿನ್ ಕೆಳಗಿರುವವರೆಗೂ ಇಂಟರಪ್ಟ್), ಅಂದರೆ ಟೈಪ್ 8 ಎಂದೇ ಬರೆಯಿರಿ.

ಈಗ ಎಸ್‌ಪಿಐಡೆವ್, ಅಂದರೆ ಬಸ್ಸನ್ನು ಯೂಸರ್ ಪ್ರೋಗ್ರಾಮಿಗೆ ಫೈಲಿನಂತೆ ತೆರೆದುಕೊಡುವ ಡ್ರೈವರ್. ಯೂಸರ್ ಪ್ರೋಗ್ರಾಮಿನಿಂದ ನೇರವಾಗಿ ಬಸ್ ಮುಟ್ಟಲು ಬಹಳ ಮಂದಿ ಡಿವೈಸ್ ಟ್ರೀಯಲ್ಲಿ ಕಂಪ್ಯಾಟಿಬಲ್ (ಚಿಪ್ಪಿನ ಹೆಸರು ಬರೆಯುವ) ಜಾಗದಲ್ಲಿ ‘ಎಸ್‌ಪಿಐಡೆವ್’ ಎಂದೇ ಬರೆಯುತ್ತಾರೆ. ಡಿವೈಸ್ ಟ್ರೀ ಹಾರ್ಡ್‌ವೇರ್‌ನ ವರ್ಣನೆ, ಎಸ್‌ಪಿಐಡೆವ್ ಎಂಬ ಚಿಪ್ ಯಾವುದೂ ಇಲ್ಲ ಎಂಬುದು ಕರ್ನಲ್‌ನವರ ವಾದ. ಹಲವು ವರ್ಷ ಬರೀ ಎಚ್ಚರಿಕೆ ಮುದ್ರಿಸಿ ಬಿಡುತ್ತಿದ್ದವರು ಕರ್ನಲ್ 5.17ರಿಂದ ಪ್ರೋಬನ್ನೇ ವಿಫಲ ಮಾಡಿದರು. ರಾಸ್ಪ್‌ಬೆರಿ ಪೈನ ಸ್ವಂತ ಕರ್ನಲ್ ಇದನ್ನು ಈಗಲೂ ಒಪ್ಪುತ್ತದೆ, ಹಾಗಾಗಿ ಅಲ್ಲಿ ಓಡಿದ್ದು ಮೇನ್‌ಲೈನ್ (ಮೂಲ) ಕರ್ನಲ್‌ಗೆ ಹೋದಾಗ ಡಿವೈಸ್ ಫೈಲೇ ಮಾಯ. ರೋಮ್ ಕಂಪನಿಯ ಡಿಎಚ್2228ಎಫ್‌ವಿ ಎಂಬ ಚಿಪ್ಪಿನ ಹೆಸರು ಕೊಟ್ಟರೆ ಆಗುತ್ತದೆ ಎಂಬ ಸಲಹೆ ಎಲ್ಲೆಲ್ಲೂ ಹರಿದಾಡುತ್ತದೆ. ಆಗುತ್ತದೆ ನಿಜ, ಆದರೆ ಬೋರ್ಡಿನಲ್ಲಿಲ್ಲದ ಚಿಪ್ಪಿನ ಹೆಸರು ಬರೆದಿಟ್ಟರೆ ಎರಡು ವರ್ಷದ ಬಳಿಕ ಅದನ್ನು ಓದುವವನ ಗತಿ ಏನು? ನಿಜವಾದ ಚಿಪ್ಪಿನ ಹೆಸರನ್ನೇ ಬರೆದು, ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ಡಿವೈಸ್‌ಗಳನ್ನು ಫೈಲ್‌ಗಳಾಗಿ ತೋರಿಸುವ ಫೋಲ್ಡರ್) ಆ ಡಿವೈಸಿನ ‘ಡ್ರೈವರ್ ಓವರ್‌ರೈಡ್’ ಫೈಲಿಗೆ ಎಸ್‌ಪಿಐಡೆವ್ ಎಂದು ಹಾಕಿ, ಆಮೇಲೆ ಎಸ್‌ಪಿಐಡೆವ್ ಡ್ರೈವರಿನ ‘ಬೈಂಡ್’ ಫೈಲಿಗೆ ಎಸ್‌ಪಿಐ0.0 (0ನೇ ಬಸ್ಸಿನ 0ನೇ ಡಿವೈಸ್) ಎಂದು ಹಾಕಿ. ಎರಡೇ ಸಾಲಿನ ಸ್ಕ್ರಿಪ್ಟ್.

ಎಸ್‌ಪಿಐಡೆವ್ ಒಂದು ಸಲಕ್ಕೆ ಹಿಡಿಯುವುದು 4096 ಬೈಟ್. 320×240 ಅಳತೆಯ, ಪಿಕ್ಸೆಲ್‌ಗೆ 2 ಬೈಟಿನ ಡಿಸ್‌ಪ್ಲೇಗೆ ಒಂದು ಪರದೆಗೇ 1,53,600 ಬೈಟ್ ಬೇಕು. ಒಟ್ಟಿಗೆ ಕಳಿಸಲು ಹೋದರೆ ‘ಮೆಸೇಜ್ ತುಂಬಾ ಉದ್ದ’ ಎಂಬ ಎರರ್. ಕರ್ನಲ್ ಕಮಾಂಡ್ ಲೈನಿನಲ್ಲಿ ಬಫ್‌ಸಿಝ್ ಪ್ಯಾರಾಮೀಟರ್ ಅನ್ನು 65536 ಮಾಡಿ, ಉಳಿದದ್ದನ್ನು ತುಂಡು ಮಾಡಿ ಕಳಿಸಿ.

ಲೂಪ್‌ಬ್ಯಾಕ್ ತಂತಿ, ಅಂದರೆ ಪೈನ ಹೆಡರಿನಲ್ಲಿ 19 ಮತ್ತು 21ನೇ ಪಿನ್ ಜೋಡಿಸಿ ಕಳಿಸಿದ್ದೇ ಬಂತೇ ಎಂದು ನೋಡುವ ಪರೀಕ್ಷೆ ಎಲ್ಲರಿಗೂ ಇಷ್ಟ. ಅದು ಕಂಟ್ರೋಲರ್ ಡ್ರೈವರ್ ಮತ್ತು ಪಿನ್ ಮಕ್ಸ್ (ಯಾವ ಪಿನ್ನಿಗೆ ಯಾವ ಕೆಲಸ ಎಂಬ ಆಯ್ಕೆ) ಎರಡನ್ನು ಮಾತ್ರ ಪರೀಕ್ಷಿಸುತ್ತದೆ. ಕ್ಲಾಕ್ ಮೋಡ್ ತಪ್ಪಿದ್ದರೂ, ಚಿಪ್ ಸೆಲೆಕ್ಟ್ (ಯಾವ ಚಿಪ್ಪಿನೊಂದಿಗೆ ಮಾತು ಎಂದು ತೋರಿಸುವ ತಂತಿ) ಉಲ್ಟಾ ಇದ್ದರೂ ಪಾಸಾಗುತ್ತದೆ. ಮೋಡ್ ತಪ್ಪಿದ್ದರೆ ಡೇಟಾ ಒಂದು ಬಿಟ್ ಸರಿದು ಬರುವುದು ಸಾಮಾನ್ಯ: 60 ಬರಬೇಕಾದಲ್ಲಿ 30 ಅಥವಾ ಸಿ0 ಕಂಡರೆ ತಂತಿ ಬದಲಿಸುತ್ತಾ ಕೂರಬೇಡಿ, ಡೇಟಾಶೀಟಿನ ಟೈಮಿಂಗ್ ಚಿತ್ರ ತೆರೆದು ಸಿಪಿಒಎಲ್ (ಕ್ಲಾಕ್ ಸುಮ್ಮನಿರುವಾಗಿನ ಮಟ್ಟ), ಸಿಪಿಎಚ್ಎ (ಕ್ಲಾಕ್‌ನ ಯಾವ ಅಂಚಿನಲ್ಲಿ ಡೇಟಾ ಓದಬೇಕು) ಎರಡನ್ನೂ ನೋಡಿ. ಪೈ 4ವರೆಗಿನ ಬೋರ್ಡ್‌ಗಳಲ್ಲಿ ಎಸ್‌ಪಿಐ1 ಎಂಬುದು ಸಹಾಯಕ ಕಂಟ್ರೋಲರ್. ಅದರ ಡ್ರೈವರ್‌ಗೆ ಸಿಪಿಎಚ್ಎ ಇಲ್ಲವೇ ಇಲ್ಲ, ಅದು ಬೇಕಾಗುವ ಮೋಡ್ 1 ಮತ್ತು 3ರ ಚಿಪ್ ಅಲ್ಲಿ ಓಡುವುದಿಲ್ಲ. ಬೋರ್ಡ್ ಡಿಸೈನ್ ಮಾಡುವ ಮೊದಲೇ ಇದು ಗೊತ್ತಿರಬೇಕು.

ಚಿಪ್ ಸೆಲೆಕ್ಟ್ ಅನ್ನು ಜಿಪಿಐಒ ಮೂಲಕ ಕೊಡುವವರು ಧ್ರುವತೆಯನ್ನು (ಪಿನ್ ಮೇಲಿದ್ದಾಗ ಚಿಪ್ ಆಯ್ಕೆಯೋ, ಕೆಳಗಿದ್ದಾಗಲೋ ಎಂಬುದನ್ನು) ಎರಡು ಕಡೆ ಬರೆಯಬಹುದು, ಎರಡೂ ಒಂದಕ್ಕೊಂದು ವಿರುದ್ಧವಾಗಬಹುದು. ನಿಯಮ ಸರಳ: ಡಿವೈಸ್ ನೋಡ್‌ನಲ್ಲಿ ‘ಸಿಎಸ್ ಹೈ’ ಗುಣ ಇಲ್ಲದಿದ್ದರೆ ಜಿಪಿಐಒ ಫ್ಲ್ಯಾಗ್ ಏನೇ ಇರಲಿ ಕರ್ನಲ್ ಆಕ್ಟಿವ್ ಲೋ ಎಂದೇ ಹಿಡಿದು, ಲಾಗ್‌ನಲ್ಲಿ ‘ಆಕ್ಟಿವ್ ಲೋ ಜಾರಿ ಮಾಡಿದೆ’ ಎಂಬ ಅರ್ಥದ ಸಾಲು ಬಿಡುತ್ತದೆ. ಆ ಸಾಲು ಕಂಡರೆ ಕಡೆಗಣಿಸದೆ ಡಿವೈಸ್ ಟ್ರೀ ತಿದ್ದಿ. ಹಳೆಯ 4.x ಕರ್ನಲ್‌ನಿಂದ 5.x ಗೆ ಏರಿದ ಎಷ್ಟೋ ಬೋರ್ಡ್‌ಗಳು ಇದೇ ಜಾಗದಲ್ಲಿ ಮುಗ್ಗರಿಸಿದವು.

ಸ್ವಂತ ಡ್ರೈವರ್ ಬರೆಯುವವರು ಟ್ರಾನ್ಸ್‌ಫರ್ ಬಫರನ್ನು ಫಂಕ್ಷನ್ನಿನ ಸ್ಟ್ಯಾಕ್ ಮೇಲೆ ಇಡಬಾರದು. ಪೈನ ಮುಖ್ಯ ಕಂಟ್ರೋಲರ್ ಡ್ರೈವರ್ 96 ಬೈಟಿನಿಂದ ಡಿಎಂಎ (ಪ್ರೊಸೆಸರ್ ನೆರವಿಲ್ಲದೆ ಹಾರ್ಡ್‌ವೇರೇ ಮೆಮರಿ ಓದಿ ಬರೆಯುವ ವಿಧಾನ) ಬಳಸುತ್ತದೆ, ಸ್ಟ್ಯಾಕ್ ಮೇಲಿನ ಬಫರ್ ಅದಕ್ಕೆ ಹೊಂದುವುದಿಲ್ಲ. 20 ಬೈಟ್ ಓದುವ ಕೋಡ್ ವರ್ಷಗಟ್ಟಲೆ ಸರಿಯಾಗಿ ನಡೆದು, ಯಾರೋ ಅದನ್ನು 128 ಮಾಡಿದ ದಿನ ಡೇಟಾ ಕೆಡುತ್ತದೆ. ಬದಲಾಯಿಸಿದವನ ಮೇಲೆ ತಪ್ಪು ಬೀಳುತ್ತದೆ. ಬಫರನ್ನು ಕೆಮ್ಯಾಲಕ್‌ನಿಂದ (ಮೆಮರಿ ಕೊಡುವ ಕರ್ನಲ್ ಫಂಕ್ಷನ್) ಪಡೆಯಿರಿ. ಮಾಡ್ಯೂಲ್ ತಾನಾಗಿ ಲೋಡ್ ಆಗುತ್ತಿಲ್ಲವೇ? ಡಿವೈಸ್ ಟ್ರೀ ಪಟ್ಟಿ ಮಾತ್ರ ಬರೆದು ಎಸ್‌ಪಿಐ ಐಡಿ ಪಟ್ಟಿ ಬಿಟ್ಟಿರುತ್ತೀರಿ, ಎರಡೂ ಬೇಕು. ಪ್ರೋಬ್ ಆಗಿಯೇ ಇಲ್ಲ, ಎರರ್ ಕೂಡ ಇಲ್ಲ ಎಂದಾದರೆ ಡಿಬಗ್‌ಎಫ್‌ಎಸ್‌ನಲ್ಲಿ (ದೋಷ ಹುಡುಕಲು ಕರ್ನಲ್ ತೆರೆದಿಡುವ ಫೋಲ್ಡರ್) ಮುಂದೂಡಿದ ಡಿವೈಸ್‌ಗಳ ಪಟ್ಟಿ ಇದೆ, ಅಲ್ಲಿ ನೋಡಿ. ಬಹುತೇಕ ಕ್ಲಾಕ್ ಅಥವಾ ರೆಗ್ಯುಲೇಟರ್‌ಗಾಗಿ ಕಾಯುತ್ತಿರುತ್ತದೆ.

ಇಲ್ಲಿಯವರೆಗಿನ ನಷ್ಟ ಸಮಯದ್ದು, ಹೆಚ್ಚೆಂದರೆ ಒಂದು ಬೋರ್ಡಿನದು. ಕರ್ನಲ್ ಕಾನ್ಫಿಗರೇಷನ್ನಿನ ಒಂದೇ ಆಯ್ಕೆ ಲ್ಯಾಪ್‌ಟಾಪ್‌ಗಳ ಬಯಾಸನ್ನೇ ಕೆಡಿಸಿದ್ದೂ ಉಂಟು. 2017ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು 17.10ರ 4.13 ಕರ್ನಲ್‌ನಲ್ಲಿ ಇಂಟೆಲ್ ಎಸ್‌ಪಿಐ ಫ್ಲ್ಯಾಶ್ ಡ್ರೈವರ್ ಆನ್ ಆಗಿತ್ತು. ಅದು ಮಾತಾಡುವುದು ಬಯಾಸ್ ಕೂತಿರುವ ಚಿಪ್ಪಿನೊಂದಿಗೇ. ಲೆನೊವೊದ ಹಲವು ಮಾಡೆಲ್ ಮತ್ತು ಬೇರೆ ಕೆಲವು ಕಂಪನಿಗಳ ಲ್ಯಾಪ್‌ಟಾಪ್‌ಗಳಲ್ಲಿ ಬಯಾಸ್ ಸೆಟ್ಟಿಂಗ್ ಉಳಿಯದಂತಾಯಿತು, ಯುಎಸ್‌ಬಿಯಿಂದ ಬೂಟ್ ಆಗದಂತಾಯಿತು. ಬರೆಯುವ ಅನುಮತಿ ಡೀಫಾಲ್ಟ್ ಆಗಿ ಇಲ್ಲ ಎಂಬ ಪ್ಯಾರಾಮೀಟರ್ ಡ್ರೈವರ್‌ನಲ್ಲಿ ಆಗಲೂ ಇತ್ತು, ಅದು ಕಾಪಾಡಲಿಲ್ಲ. ಡಿಸೆಂಬರ್‌ನಲ್ಲಿ ಡೌನ್‌ಲೋಡ್ ಕೊಂಡಿಯನ್ನೇ ತೆಗೆದರು. ಡ್ರೈವರ್ ಆಫ್ ಮಾಡಿದ 4.13.0-21 ಕರ್ನಲ್ ಬಂತು. 2018ರ ಜನವರಿಯಲ್ಲಿ ಹೊಸ ಐಎಸ್‌ಒ ಬಿಟ್ಟರು. ಆಮೇಲೆ ಮೇನ್‌ಲೈನ್‌ನವರು ಆ ಆಯ್ಕೆಯ ಹೆಸರಿನ ಪಕ್ಕದಲ್ಲೇ ‘ಅಪಾಯಕಾರಿ’ ಎಂದು ದೊಡ್ಡ ಅಕ್ಷರದಲ್ಲಿ ಸೇರಿಸಿದರು.

ಸ್ವಂತ ಕರ್ನಲ್ ಕಟ್ಟುವವರು ‘ಎಲ್ಲವನ್ನೂ ಮಾಡ್ಯೂಲ್ ಮಾಡಿಬಿಡೋಣ, ಬೇಕಾದ್ದು ಲೋಡ್ ಆಗುತ್ತದೆ’ ಎನ್ನುವುದು ಈ ಮೆನುವಿನಲ್ಲಿ ನಡೆಯುವುದಿಲ್ಲ. ಬೇಡದ್ದೂ ಲೋಡ್ ಆಗುತ್ತದೆ. ಫ್ಲ್ಯಾಶ್ ಮುಟ್ಟುವ ಆಯ್ಕೆಗಳಿಗೆ ‘ಎನ್’ ಎಂದೇ ಕೊಡಿ. ಬೇಕೇ ಬೇಕಾದರೆ ಮೊದಲು ಹೊರಗಿನ ಪ್ರೋಗ್ರಾಮರ್ ಕ್ಲಿಪ್ ಹಾಕಿ ಚಿಪ್ಪಿನ ಪೂರ್ತಿ ಪ್ರತಿ ತೆಗೆದು, ಎರಡು ಸಲ ಓದಿ, ಎರಡೂ ಫೈಲ್ ಒಂದೇ ಎಂದು ಹೋಲಿಸಿ ಇಟ್ಟುಕೊಳ್ಳಿ. ಪೈ 5 ಇರುವವರಿಗೂ ಇದು ಅನ್ವಯ: ಹೆಡರಿನ ಎಸ್‌ಪಿಐ ಆನ್ ಮಾಡದಿದ್ದರೂ ಅಲ್ಲಿ ಎಸ್‌ಪಿಐಡೆವ್10.0 ಎಂಬ ಫೈಲ್ ಕಾಣುತ್ತದೆ. ಅದರ ತುದಿಯಲ್ಲಿರುವುದು ಬೂಟ್‌ಲೋಡರಿನ ಇಇಪ್ರಾಮ್ (ಬೋರ್ಡನ್ನು ಎಬ್ಬಿಸುವ ಕೋಡ್ ಇರುವ ಚಿಪ್). ‘ಮೊದಲು ಸಿಕ್ಕ ಎಸ್‌ಪಿಐಡೆವ್ ತೆರೆ’ ಎಂದು ಬರೆದ ಟೆಸ್ಟ್ ಸ್ಕ್ರಿಪ್ಟ್‌ಗಳನ್ನು ಆ ಬೋರ್ಡಿನ ಮೇಲೆ ಓಡಿಸುವ ಮೊದಲು ಡಿವೈಸ್ ಹೆಸರನ್ನು ಕೈಯಾರೆ ಬರೆದು ಕಟ್ಟಿಹಾಕಿ.